ಅಣ್ಣನ ಎಲೆ, ನನ್ನ ಎಲೆ

ನಮ್ಮ ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಉಣ್ಣುವುದು ಒಂದು ಉದ್ಯೋಗವಾಗಿತ್ತು. ತಮಾಷೆಗೆ ಹೇಳುತ್ತಿಲ್ಲ. ನಂಜನಗೂಡಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮದು ಪುರೋಹಿತರ ಮನೆ. ಅಪ್ಪ ತಿಥಿ ಮಾಡಿಸುತ್ತಿದ್ದರು. ನನಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಅಣ್ಣನಿಗೆ ಮಂತ್ರ ಅಷ್ಟಾಗಿ ಹತ್ತಲಿಲ್ಲ, ಅವನು ಬ್ರಾಹ್ಮಣಾರ್ಥಕ್ಕೆ ಹೋಗುವವನಾದ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಿಥಿಯ ದಿನ ತೀರಿಕೊಂಡವರ ಜಾಗದಲ್ಲಿ ಒಬ್ಬ ಬ್ರಾಹ್ಮಣನನ್ನು ಕೂರಿಸಿ, ಕಾಲು ತೊಳೆದು, ಎಲೆ ಹಾಕಿ ಬಡಿಸುತ್ತಾರೆ. ಅವನು ಉಂಡರೆ ಸತ್ತವರು ಉಂಡ ಹಾಗೆ. ಅವನಿಗೆ ತೃಪ್ತಿಯಾದರೆ ಅವರಿಗೆ ತೃಪ್ತಿ. ಆದ್ದರಿಂದ ಆ ಎಲೆಯ ಮುಂದೆ ಕೂತವನು ಚೆನ್ನಾಗಿ ಉಣ್ಣಬೇಕು. ಅಣ್ಣ ಚೆನ್ನಾಗಿ ಉಣ್ಣುತ್ತಿದ್ದ.

ಹೆಡತಲೆಯಿಂದ, ಬಿಳಿಗೆರೆಯಿಂದ, ಅತ್ತ ತಿ. ನರಸೀಪುರದ ಸಂಗಮದವರೆಗೆ ಎಲ್ಲಿ ತಿಥಿಯಾದರೂ ಅವನಿಗೆ ಕರೆ ಬರುತ್ತಿತ್ತು. ಶ್ರಾದ್ಧದ ಎಲೆಯ ಮುಂದೆ ಮಾತಾಡುವ ಹಾಗಿಲ್ಲ. ಅಡಿಗೆಯನ್ನು ಹೊಗಳುವಂತಿಲ್ಲ, ತೆಗಳುವಂತೆಯೂ ಇಲ್ಲ. ತಲೆ ತಗ್ಗಿಸಿ ಉಣ್ಣಬೇಕು, ಬೇಕು ಬೇಡ ಎನ್ನುವುದನ್ನು ಕೈಯಲ್ಲೇ ತೋರಿಸಬೇಕು. ಮನೆಯವರು ಸುತ್ತ ನಿಂತು, "ಇನ್ನೊಂದೇ ಒಂದು, ನಮ್ಮಪ್ಪನಿಗೆ ವಡೆ ಅಂದ್ರೆ ಪ್ರಾಣ" ಎಂದು ಹಾಕುತ್ತಲೇ ಇರುತ್ತಾರೆ. ಯಾರದೋ ಅಪ್ಪನಿಗೆ ವಡೆ, ಯಾರದೋ ಅಜ್ಜಿಗೆ ಅತಿರಸ, ಇನ್ಯಾರದೋ ಮಾವನಿಗೆ ಪಾಯಸ. ಅಷ್ಟೂ ಜನರ ಆಸೆ ಅಣ್ಣನ ಒಂದು ಹೊಟ್ಟೆಗೆ ಇಳಿಯಬೇಕಿತ್ತು. ಕೊನೆಗೆ ಯಜಮಾನ ಕೈಮುಗಿದು ತೃಪ್ತಿಯಾಯಿತೆ ಎಂದು ಕೇಳುತ್ತಾನೆ, ಆಯಿತು ಎನ್ನಬೇಕು. ಆಮೇಲೆ ಮನೆಮಂದಿಯೆಲ್ಲ ಆ ಉಂಡವನ ಕಾಲಿಗೆ ಬೀಳುತ್ತಾರೆ.

ಅಣ್ಣನಿಗಿದ್ದ ಹಸಿವೇ ನನಗೂ ಇತ್ತು. ಒಂದೇ ಹೊಟ್ಟೆಯಿಂದ ಬಂದವರು, ಬೇರೆ ಹಸಿವು ಎಲ್ಲಿಂದ ಬರಬೇಕು? ನಮ್ಮ ತಾತನ ತಿಥಿಯ ದಿನ ನಡೆದದ್ದು ಇವತ್ತಿಗೂ ನೆನಪಿದೆ. ನನಗೆ ಆಗ ಹತ್ತು ವರ್ಷವಿರಬಹುದು. ಬೆಳಗಿನಿಂದ ಮಕ್ಕಳ ಬಾಯಿಗೆ ಕಾಫಿ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಒಳಗೆ ಎಳ್ಳು ಹುರಿಯುವ ವಾಸನೆ. ನಾನೂ ಅಣ್ಣನೂ ಉಗ್ರಾಣಕ್ಕೆ ನುಗ್ಗಿ, ಅಕ್ಕಿ ಮೂಟೆಯ ಹಿಂದೆ ಕೂತು ಎಳ್ಳುಂಡೆ ತಿಂದೆವು. ಎಷ್ಟು ತಿಂದೆವೋ ತಿಳಿಯದು, ತಟ್ಟೆಯ ತಳ ಕಾಣುತ್ತಿತ್ತು. ಅಮ್ಮ ಬಂದು ಇಬ್ಬರನ್ನೂ ಒಟ್ಟಿಗೇ ಹಿಡಿದಳು. ನಡುಮನೆಯಲ್ಲಿ ಕೂತಿದ್ದ ಹಿರಿಯರು ಅಣ್ಣನನ್ನು ನೋಡಿ ನಕ್ಕುಬಿಟ್ಟರು. "ಬಿಡಮ್ಮ, ತಾತನೇ ಬಂದು ತಿಂದ ಅಂದ್ಕೋ. ಗಂಡು ಮಗು, ಹಸಿವು ತಡೆಯಲ್ಲ." ನನ್ನ ಬೆನ್ನಿಗೆ ಸೌಟಿನ ಹಿಡಿಯಿಂದ ಬಿತ್ತು. ಅಮ್ಮ ಮತ್ತೆ ಎಳ್ಳು ಹುರಿಯುತ್ತ ಗೊಣಗುತ್ತಲೇ ಇದ್ದಳು, "ಹೆಣ್ಣಿಗೆ ಇಷ್ಟು ಬಾಯಿ ಇರಬಾರದು. ಯಾರ ಮನೆ ಹಾಳು ಮಾಡೋಕೆ ಹುಟ್ಟಿದ್ದೀಯೋ." ಆವತ್ತು ಹೆಂಗಸರ ಪಂಕ್ತಿ ಏಳುವಾಗ ನಾಲ್ಕು ಗಂಟೆ ದಾಟಿತ್ತು. ನನ್ನ ಎಲೆಗೆ ಎಳ್ಳುಂಡೆ ಬೀಳಲಿಲ್ಲ.

ಅಲ್ಲಿಂದ ಮುಂದೆ ನನ್ನ ಊಟ ಇಡೀ ಮನೆಯ ವ್ಯವಹಾರವಾಯಿತು. ಉಗ್ರಾಣಕ್ಕೆ ಬೀಗ ಬಿತ್ತು, ಬೀಗದ ಕೈ ಅಮ್ಮನ ಸೆರಗಿನ ಗಂಟಿಗೆ ಹೋಯಿತು. ನಾನು ಮೈನೆರೆದ ಮೇಲಂತೂ ಬಂದವರೆಲ್ಲ ವೈದ್ಯರೇ. ಒಬ್ಬರು ಬಿಸಿನೀರಿಗೆ ಜೇನುತುಪ್ಪ ಅಂದರು, ಒಬ್ಬರು ಹುರುಳಿಕಟ್ಟು ಅಂದರು. ಒಬ್ಬ ಅತ್ತೆ ಟಿವಿಯಲ್ಲಿ ನೋಡಿ ಸೊಂಟಕ್ಕೆ ಕಟ್ಟುವ ಬೆಲ್ಟು ತರಿಸಿದಳು. ಕಟ್ಟಿಕೊಂಡು ನಡೆದರೆ ಬೊಜ್ಜು ಕರಗುತ್ತದಂತೆ, ನನಗೆ ಕರಗಿದ್ದು ಚರ್ಮ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ತಿನ್ನುತ್ತಿದ್ದರು, ನಾನು ಎದುರಿಗೆ ಉಪವಾಸ ಕೂರುತ್ತಿದ್ದೆ. ಅವರು ಹೋದ ಮೇಲೆ ಉಳಿದ ಕೇಸರಿಬಾತನ್ನು ನಾನು ಪಾತ್ರೆ ಸಮೇತ ಹಿತ್ತಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ ನಿಂತು ತಿನ್ನುತ್ತಿದ್ದೆ. ರುಚಿಗಾಗಿ ಅಲ್ಲ. ರುಚಿ ಮೊದಲ ತುತ್ತಿಗೇ ಹೋಗಿರುತ್ತದೆ. ಅದು ಏನೋ ಒಂದು ಹಿಡಿದುಕೊಂಡ ಹಾಗೆ. ಕೈ ನನ್ನದು, ಬಾಯಿ ನನ್ನದು, ಆದರೆ ನಿಲ್ಲಿಸುವವಳು ನಾನಲ್ಲ. ಹೊಟ್ಟೆ ನೋಯತೊಡಗಿದ ಮೇಲೂ ಕೈ ಪಾತ್ರೆಗೆ ಹೋಗುತ್ತಲೇ ಇರುತ್ತಿತ್ತು. ಆಮೇಲೆ ನನ್ನ ಮೇಲೆ ನನಗೇ ಬರುತ್ತಿದ್ದ ಹೇಸಿಗೆಯನ್ನು ಬರೆಯಲು ಈಗಲೂ ಮುಜುಗರವಾಗುತ್ತದೆ.

ಮದುವೆಯಾಗಲಿಲ್ಲ. ಅದಕ್ಕೆ ಅತ್ತು ಮುಗಿಸಿ ಬಹಳ ಕಾಲವಾಯಿತು. ಬಿ.ಎಡ್. ಮಾಡಿಕೊಂಡು ತಿ. ನರಸೀಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರಾದೆ. ಅಲ್ಲೇ ಬಾಡಿಗೆಗೆ ಒಂದು ಚಿಕ್ಕ ಮನೆ. ಬೀಗ ಹಾಕುವವರು ಯಾರೂ ಇಲ್ಲದ ಅಡಿಗೆಮನೆ ಸಿಕ್ಕಿತಲ್ಲ ಎಂದು ಮೊದಮೊದಲು ಸಂತೋಷಪಟ್ಟೆ. ಬೆಳಿಗ್ಗೆ ಏನೂ ತಿನ್ನದೆ ಸ್ಕೂಲಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಸಹೋದ್ಯೋಗಿಗಳ ಮುಂದೆ ಡಬ್ಬಿ ತೆಗೆದು ಒಂದು ಚಪಾತಿ, ಎರಡು ಸೌತೆಕಾಯಿ ಚೂರು. "ಅಯ್ಯೋ ಮೇಡಂ ಏನೂ ತಿನ್ನಲ್ಲ, ಆದ್ರೂ ಅದ್ಹೆಂಗೆ ಈ ಮೈ?" ಎಂದು ಅವರು ಕೇಳುತ್ತಿದ್ದರು. ಸಂಜೆ ಐದಕ್ಕೆ ಮನೆಗೆ ಬಂದು, ಚಿಲಕ ಹಾಕಿ, ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಯಿಂದ ತಂದ ಪೊಟ್ಟಣಗಳನ್ನು ನೆಲದ ಮೇಲೆ ಬಿಚ್ಚಿಕೊಂಡು ಕೂತರೆ, ಮೇಲಕ್ಕೇಳುವಾಗ ಬೀದಿದೀಪ ಹತ್ತಿರುತ್ತಿತ್ತು. ಹೀಗೇ ವರ್ಷಗಳು ಹೋದವು.

ಅತ್ತ ಅಣ್ಣನೂ ಬೆಳೆಯುತ್ತಿದ್ದ. ಅವನ ಪಂಚೆ ಸೊಂಟದಲ್ಲಿ ನಿಲ್ಲದೆ ಹೊಟ್ಟೆಯ ಕೆಳಗೆ ಜಾರಿತ್ತು. ದೇವಸ್ಥಾನದ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು ಕಂಬ ಹಿಡಿಯುತ್ತಿದ್ದ. ಆದರೆ ಅವನಿಗೆ ಅದು ತೇಜಸ್ಸು. "ಸ್ವಾಮಿಗಳು ಕೂತ್ರೆ ಎಲೆ ತುಂಬುತ್ತೆ" ಎನ್ನುತ್ತಿದ್ದರು ತಿಥಿಗೆ ಕರೆಯುವವರು. ಅತ್ತಿಗೆಯೂ ಗಂಡನ ಹೊಟ್ಟೆಯನ್ನು ಮನೆಯ ಸೌಭಾಗ್ಯವೆಂದೇ ತಿಳಿದಿದ್ದಳು. ಯಾವ ಅತ್ತೆಯೂ ಅವನಿಗೆ ಬೆಲ್ಟು ತರಿಸಲಿಲ್ಲ, ಯಾವ ನೆಂಟರೂ ಅವನ ಎದುರು ಹುರುಳಿಕಟ್ಟಿನ ಮಾತು ಎತ್ತಲಿಲ್ಲ. ಒಂದು ಸಲ ನಾವಿಬ್ಬರೂ ಒಂದೇ ಮದುವೆಮನೆಯಲ್ಲಿ ಎದುರು ಬದುರು ಕೂತಿದ್ದೆವು. ಬಡಿಸುವವನು ಹೋಳಿಗೆಯ ತಟ್ಟೆ ಹಿಡಿದು ಬಂದು ಅಣ್ಣನ ಎಲೆಗೆ ಕೇಳದೆ ನಾಲ್ಕು ಹಾಕಿದ. ನನ್ನ ಹತ್ತಿರ ಬಂದು, "ನಿಮಗೆ ಬೇಡ ಅಲ್ವಾಮ್ಮ?" ಎಂದು ತಾನೇ ತೀರ್ಮಾನ ಮಾಡಿ ಮುಂದೆ ಹೋದ. ನನಗೆ ಆ ತಟ್ಟೆಯನ್ನು ಅವನ ತಲೆಯ ಮೇಲೆ ಕವುಚಬೇಕೆನಿಸಿತು. ಅಣ್ಣ ತಲೆ ಎತ್ತದೆ ಉಣ್ಣುತ್ತಿದ್ದ.

ನಲವತ್ತೈದು ದಾಟಿದ ಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ತೋರಿಸಿದಾಗ, ಒಬ್ಬ ಲೇಡಿ ಡಾಕ್ಟರು ಎಲ್ಲರ ಹಾಗೆ ಬೈಯದೆ, "ಒಬ್ಬರೇ ಇದ್ದಾಗ ಹೇಗೆ ತಿಂತೀರಿ?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ನಾನು ಅಲ್ಲೇ ಅತ್ತುಬಿಟ್ಟೆ. ಅವರು ನನ್ನನ್ನು ಅದೇ ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಕಳಿಸಿದರು. ವಾರಕ್ಕೊಮ್ಮೆ ಶನಿವಾರ ಒಂದು ಗುಂಪು ಸೇರುತ್ತಿತ್ತು. ಮಂಡಿ ನೋವಿನಲ್ಲಿ ಬಸ್ಸು ಹತ್ತಿ ಇಳಿಯುವುದು ಕಷ್ಟ ಎಂದು ಅಣ್ಣ ಜೊತೆಗೆ ಬರಲು ಒಪ್ಪಿದ. ಶನಿವಾರ ತಿಥಿ ಇಲ್ಲದಿದ್ದರೆ ನಂಜನಗೂಡಿನಿಂದ ನೇರವಾಗಿ ಮೈಸೂರಿಗೆ ಬಂದು ನನಗಾಗಿ ಕಾಯುತ್ತಿದ್ದ. ನನ್ನನ್ನು ತಿ. ನರಸೀಪುರದವರೆಗೂ ಬಿಟ್ಟು ಹೋಗುತ್ತಿದ್ದ. ಅವನು ಒಳ್ಳೆಯವನು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಗುಂಪಿನಲ್ಲಿದ್ದವರೆಲ್ಲ ಹೆಂಗಸರೇ. ಮದುವೆ ಗೊತ್ತಾಗುತ್ತಿಲ್ಲ ಎಂದು ಬಂದ ಹುಡುಗಿ, ಮಗುವಾಗುತ್ತಿಲ್ಲ ಎಂದು ಅತ್ತೆ ಕಳಿಸಿದ ಸೊಸೆ, ಗಂಡ 'ಜೊತೇಲಿ ಬರೋಕೆ ನಾಚಿಕೆ' ಅಂದನೆಂದು ಬಂದ ಬ್ಯಾಂಕ್ ಉದ್ಯೋಗಿ. ಅವರ ಜೀವ ಉಳಿಯಲಿ ಎಂದು ಯಾರೂ ಅಲ್ಲಿಗೆ ಕಳಿಸಿರಲಿಲ್ಲ, ಅವರು ಚೆನ್ನಾಗಿ ಕಾಣಲಿ ಎಂದು ಕಳಿಸಿದ್ದರು. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೂ ಅಲ್ಲಿ ಕೂತ ಮೇಲೆ ನಮಗೆ ನಾಚಿಕೆಯಿಲ್ಲದೆ ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿತು. ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ನಮ್ಮನ್ನು ಕರೆತಂದ ಗಂಡಂದಿರು, ಅಪ್ಪಂದಿರು, ನನ್ನ ಅಣ್ಣ. ಒಂದು ದಿನ ಬಾಗಿಲು ತೆರೆದು ಹೊರಗೆ ಬಂದವಳು ಆ ಬೆಂಚನ್ನು ನೋಡಿ ನಿಂತುಬಿಟ್ಟೆ. ಅಲ್ಲಿ ಕೂತವರಲ್ಲಿ ಹೆಚ್ಚಿನವರು ಒಳಗಿದ್ದ ನಮಗಿಂತ ದಪ್ಪಗಿದ್ದರು. ಒಬ್ಬ ಪಫ್ಸ್ ತಿನ್ನುತ್ತಿದ್ದ, ಒಬ್ಬ ಬೋಂಡದ ಪೊಟ್ಟಣದ ಕಾಗದಕ್ಕೆ ಕೈಯ ಎಣ್ಣೆ ಒರೆಸುತ್ತಿದ್ದ. ಅಣ್ಣನ ಮಡಿಲಲ್ಲಿ ಖಾರಾಬೂಂದಿಯ ಪೊಟ್ಟಣ ಬರಿದಾಗಿತ್ತು. ಅವರನ್ನು ಒಳಗೆ ಬನ್ನಿ ಎಂದು ಯಾರೂ ಕರೆದಿರಲಿಲ್ಲ. ಅವರೆಲ್ಲ ರೋಗಿಗಳ ಕಡೆಯವರು.

ಆವತ್ತು ಬಸ್ಸಿನಲ್ಲಿ ಕೌನ್ಸೆಲರ್ ಹೇಳಿದ್ದನ್ನು ಅಣ್ಣನಿಗೆ ವಿವರಿಸಿದೆ. ಇದಕ್ಕೆ ಬಿಂಜ್ ಈಟಿಂಗ್ ಅನ್ನುತ್ತಾರೆ, ಇದು ಹೊಟ್ಟೆಬಾಕತನವಲ್ಲ, ಕಾಯಿಲೆ. ದಿನವೆಲ್ಲ ಉಪವಾಸವಿದ್ದು ಆಮೇಲೆ ಒಂದೇ ಸಲಕ್ಕೆ ತುಂಬಿಕೊಳ್ಳುವುದು, ಸಾಕು ಅನ್ನಿಸಿದ ಮೇಲೂ ನಿಲ್ಲಿಸಲಾಗದೆ ಇರುವುದು, ಆ ತಪ್ಪಿಗೆ ಮತ್ತೆ ಉಪವಾಸ ಮಾಡುವುದು, ಮತ್ತೆ ತುಂಬಿಕೊಳ್ಳುವುದು. ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪ ಉಣ್ಣುವುದೇ ಮೊದಲ ಔಷಧಿ. ಅಣ್ಣ ಕಿಟಕಿಯಾಚೆ ನೋಡುತ್ತಿದ್ದವನು ನಗಲಿಲ್ಲ. ನನ್ನ ಕಡೆ ತಿರುಗಿ, "ನನ್ನ ಜಾತಕ ಓದಿದ ಹಾಗಿದೆ ಕಣೆ" ಅಂದ.

ನನಗೆ ಥಟ್ಟನೆ ಹೊಳೆಯಿತು. ತಿಥಿಯ ಹಿಂದಿನ ದಿನ ಬ್ರಾಹ್ಮಣಾರ್ಥದವನು ಒಪ್ಪತ್ತಿರಬೇಕು. ಮಾರನೆಯ ದಿನ ಎಲೆಯ ಮುಂದೆ ಕೂರುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಅಲ್ಲಿಯವರೆಗೆ ಹಸಿವು, ಅಲ್ಲಿ ಕುತ್ತಿಗೆಯವರೆಗೆ ಊಟ, ರಾತ್ರಿ ಮತ್ತೆ ಏನೂ ತಿನ್ನುವಂತಿಲ್ಲ. ನಾನು ಚಿಲಕ ಹಾಕಿಕೊಂಡು ಮಾಡುತ್ತಿದ್ದುದನ್ನೇ ಅವನು ಮಂತ್ರದ ಜೊತೆಗೆ ಮಾಡುತ್ತಿದ್ದ. ಅವನು ಹೇಳುತ್ತ ಹೋದ. ತಿಥಿ ಇಲ್ಲದ ದಿನವೂ ಆ ಹೊತ್ತಿಗೆ ಮೈ ನಡುಗುತ್ತದೆ, ಹೊಳೆಯ ದಡದ ಛತ್ರದ ಹಿಂದೆ ಒಬ್ಬನೇ ಹೋಗಿ ಏನು ಸಿಕ್ಕಿದರೂ ತಿನ್ನುತ್ತೇನೆ, ಒಂದು ಸಲ ತಿಂದದ್ದನ್ನು ಕಪಿಲೆಗೆ ಕಾರಿಕೊಂಡೆ, ಆಮೇಲೆ ಮತ್ತೆ ಹೋಗಿ ತಂದು ತಿಂದೆ. "ಇದನ್ನ ಯಾರಿಗೆ ಹೇಳ್ಲಿ? ಗಂಡಸು ಊಟ ಜಾಸ್ತಿ ಆಯ್ತು ಅಂತ ಅತ್ರೆ ಜನ ನಗಲ್ವಾ?" ಅಂದ. ಐವತ್ತು ದಾಟಿದ ಅಣ್ಣನ ಕಣ್ಣಲ್ಲಿ ನೀರು ತುಂಬಿತ್ತು. ಬಸ್ಸಿನಲ್ಲಿ ಅಷ್ಟು ಜನರ ಮಧ್ಯೆ ಅವನ ಕೈ ಹಿಡಿದುಕೊಂಡೆ. ಇವನನ್ನು ಉಳಿಸಿಕೊಳ್ಳಬೇಕು ಎಂದು ಆಗಲೇ ನಿಶ್ಚಯ ಮಾಡಿದೆ.

ಮೊದಲು ನಂಜನಗೂಡಿನಲ್ಲೇ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಿಪಿ ನೋಡಿ ಗುಳಿಗೆ ಬರೆದರು. ನಾನು ಊಟದ ಮಾತೆತ್ತಿದೆ. ಅವರು ಅಣ್ಣನ ಹೊಟ್ಟೆಯ ಮೇಲೆ ಸಲುಗೆಯಿಂದ ತಟ್ಟಿ, "ಐನೋರಿಗೆ ಇಷ್ಟಾದ್ರೂ ಇರ್ಬೇಕಲ್ಲಮ್ಮ, ಲಕ್ಷಣ ಅದು. ಸ್ವಲ್ಪ ವಾಕ್ ಮಾಡ್ಲಿ" ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ನನ್ನ ಸಕ್ಕರೆ ಎಷ್ಟಿದೆ ಎಂದು ವಿಚಾರಿಸಿದರು. ಮೈಸೂರಿನ ಕೌನ್ಸೆಲರ್ ಹುಡುಗಿಯನ್ನು ಕೇಳಿದೆ. "ಗಂಡಸರ ಗುಂಪು ಅಂತ ಇಲ್ಲ ಮೇಡಂ. ಅವರು ಬರೋದೇ ಇಲ್ಲ. ಬಂದ್ರೂ ಶುಗರ್ ಅಂತಲೋ ಮಂಡಿ ಅಂತಲೋ ಬರ್ತಾರೆ, ಊಟದ ವಿಷಯ ಅಂತ ಬಾಯಿ ಬಿಡಲ್ಲ" ಎಂದಳು. ಹೆಂಗಸರ ಗುಂಪಿಗೆ ಅವನನ್ನು ಸೇರಿಸಿದರೆ ಹೆಂಗಸರು ಮಾತಾಡುವುದಿಲ್ಲ, ಅದೂ ನಿಜವೇ. ಕೊನೆಗೆ ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಲು ಒಪ್ಪಿದಳು. ಅಣ್ಣ ಕೇಳಿದ್ದರಿಂದ ನಾನೂ ಪಕ್ಕದಲ್ಲಿ ಕೂತೆ.

ಹುಡುಗಿ ನನಗೆ ಕೇಳಿದ್ದ ಪ್ರಶ್ನೆಗಳನ್ನೇ ಕೇಳಿದಳು. ಕನ್ನಡಿ ನೋಡಿಕೊಳ್ಳಲು ಬೇಜಾರಾಗುತ್ತದೆಯೇ, ಬಟ್ಟೆ ಆರಿಸುವಾಗ ಸಂಕೋಚವೇ, ದಪ್ಪಗಾಗುವ ಭಯವೇ. ಅಣ್ಣ ಎಲ್ಲಕ್ಕೂ ಇಲ್ಲ ಎಂದ. ಪಂಚೆ ಉಡುವವನಿಗೆ ಬಟ್ಟೆಯ ಚಿಂತೆ ಏನು? ಊಟದ ನಂತರ ಬೇರೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ಕೇಳಿದಾಗ, "ಕಾಲಿಗೆ ನಮಸ್ಕಾರ ಮಾಡ್ತಾರಮ್ಮ" ಅಂದ. ಅವಳು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಳೋ ಏನೋ. ಆ ಪ್ರಶ್ನೆಗಳು ಯಾವುವೂ ಅವನಿಗಾಗಿ ಹೊಲಿದ ಅಂಗಿಯಲ್ಲ, ಎಲ್ಲ ನನ್ನ ಅಳತೆಯವು. ಆದರೂ ಹುಡುಗಿ ಜಾಣೆ. ಕೊನೆಯಲ್ಲಿ ಸರಿಯಾದ ಮಾತನ್ನೇ ಹೇಳಿದಳು. ದಿನಕ್ಕೆ ಮೂರು ಹೊತ್ತು ತಪ್ಪದೆ ಉಣ್ಣಿ, ಉಪವಾಸ ಬಿಡಿ, ಸಾಕು ಅನ್ನಿಸಿದಾಗ ಕೈ ತೊಳೆಯಿರಿ, ಹೃದಯದ ಪರೀಕ್ಷೆ ಒಂದು ಮಾಡಿಸಿ. ಹೊರಗೆ ಬಂದ ಮೇಲೆ ಅಣ್ಣ ನಕ್ಕ. "ಇದನ್ನೆಲ್ಲ ಮಾಡಿದ್ರೆ ನಾನು ಮಾಡೋ ಕೆಲಸ ಏನುಳಿಯುತ್ತೆ?"

ಆದರೂ ಪ್ರಯತ್ನಪಟ್ಟ. ಚಳಿಗಾಲವೆಲ್ಲ, ಬೇಸಿಗೆಯೆಲ್ಲ ಪಟ್ಟ. ಬೆಳಿಗ್ಗೆ ಅವಲಕ್ಕಿಯೋ ದೋಸೆಯೋ ತಿಂದು, ಅದನ್ನು ಯಜಮಾನರಿಂದ ಮುಚ್ಚಿಟ್ಟು ತಿಥಿಗೆ ಹೋಗುತ್ತಿದ್ದ. ಮಡಿವಂತನಾದ ಅವನಿಗೆ ಅದೊಂದು ದೊಡ್ಡ ಸಂಕಟ. ಎಲೆಯಲ್ಲಿ ಬೇಗ ಕೈ ಅಡ್ಡ ಹಿಡಿಯುತ್ತಿದ್ದ. ಪಂಚೆಯ ಗಂಟು ಒಂದು ಬೆರಳು ಮೇಲೇರಿತ್ತು, ಮೆಟ್ಟಿಲು ಹತ್ತುವಾಗ ಕಂಬ ಹಿಡಿಯುವುದು ಕಡಿಮೆಯಾಗಿತ್ತು. ನಾನು ಕೂಡ ಸುಧಾರಿಸುತ್ತಿದ್ದೆ. ಶನಿವಾರ ಬಸ್ಸಿನಲ್ಲಿ ನಾವಿಬ್ಬರೂ ಆ ವಾರ ಹೇಗೆ ಕಳೆಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಜೀವಮಾನದಲ್ಲಿ ನಾನೂ ಅಣ್ಣನೂ ಅಷ್ಟು ಮಾತಾಡಿದ್ದು ಅದೇ ಮೊದಲು. ನನ್ನ ಅತ್ಯಂತ ಒಳ್ಳೆಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಆ ಬಸ್ಸಿನ ದಿನಗಳೆಂದೇ ಹೇಳುತ್ತೇನೆ.

ಕೆಟ್ಟದ್ದು ಬಿಳಿಗೆರೆಯ ಒಂದು ಮನೆಯಲ್ಲಿ. ಅಲ್ಲಿಯ ಅಜ್ಜಿ ಗಂಡನ ತಿಥಿಗೆಂದು ಕಷ್ಟಪಟ್ಟು ತಾನೇ ಅತಿರಸ ಮಾಡಿದ್ದರಂತೆ. ಅಣ್ಣ ಒಂದು ತಿಂದು ಕೈ ಅಡ್ಡ ಹಿಡಿದ. ಅಜ್ಜಿ ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟರು. "ಅವರು ಹಸ್ಕೊಂಡೇ ಹೊರಟುಹೋದ್ರಲ್ಲಪ್ಪ, ನನ್ನ ಕೈಯಿಂದ ಏನು ತಪ್ಪಾಯ್ತೋ!" ಅಣ್ಣನಿಗೆ ಅದನ್ನು ತಡೆಯಲಾಗಲಿಲ್ಲ. ಆ ಸುದ್ದಿ ಹರಡಿತು. ಈಗ ಸ್ವಾಮಿಗಳು ಉಣ್ಣುವುದಿಲ್ಲ, ಎಲೆಯಲ್ಲಿ ಬಿಡುತ್ತಾರೆ ಎಂದು ಆಡಿಕೊಂಡರು. ಕರೆಗಳು ಕಡಿಮೆಯಾದವು. ಹೋದ ಕಡೆಯೂ ಹಿಂದಿನ ಆದರ ಉಳಿಯಲಿಲ್ಲ. ನನ್ನ ದಪ್ಪ ಮೈಗೆ ಸಿಕ್ಕುತ್ತಿದ್ದ ನೋಟ ಎಂಥದೆಂದು ಅವನಿಗೆ ಮೊದಲ ಸಲ ಗೊತ್ತಾಗಿದ್ದು ಅವನ ಹೊಟ್ಟೆ ಇಳಿಯತೊಡಗಿದ ಮೇಲೆ.

ಅತ್ತಿಗೆ ಫೋನ್ ಮಾಡಿದಳು. ಯಾವತ್ತೂ ಏರಿಸದ ದನಿ ಏರಿಸಿದಳು. "ನೋಡಿ, ಅದು ನಿಮ್ಮ ಕಾಯಿಲೆ. ನಿಮಗೆ ಮದುವೆಯಿಲ್ಲ ಮಕ್ಕಳಿಲ್ಲ, ಒಬ್ಬರೇ ಕೂತು ತಿಂದು ತಿಂದು ಬಂತು. ಅದನ್ನ ತಂದು ಇವರಿಗೆ ಅಂಟಿಸಬೇಡಿ. ಹೊಟ್ಟೆ ತುಂಬ ಊಟ ಮಾಡೋ ಗಂಡಸಿಗೆ ಡಾಕ್ಟ್ರು ತೋರ್ಸಿದ್ದು ಎಲ್ಲಾದ್ರೂ ಉಂಟಾ?" ನಾನು ಫೋನ್ ಇಟ್ಟುಬಿಟ್ಟೆ. ಅವಳನ್ನು ಬೈದು ಪ್ರಯೋಜನವಿಲ್ಲ. ಅವಳು ಊರೆಲ್ಲ ಹೇಳುವುದನ್ನೇ ಹೇಳಿದ್ದಳು.

ಪಕ್ಷಮಾಸ ಬಂತು. ಆ ಹದಿನೈದು ದಿನ ಊರಿಗೆ ಊರೇ ಪಿತೃಗಳಿಗೆ ಎಡೆ ಇಡುತ್ತದೆ, ಬ್ರಾಹ್ಮಣಾರ್ಥಕ್ಕೆ ಜನ ಸಿಕ್ಕುವುದಿಲ್ಲ. ಮುಖ ತಿರುಗಿಸಿದ್ದವರೆಲ್ಲ ಮತ್ತೆ ಅಣ್ಣನ ಬಾಗಿಲಿಗೆ ಬಂದರು. ಅವನು ಫೋನಿನಲ್ಲಿ, "ಈ ಪಕ್ಷ ಒಂದು ಮುಗೀಲಿ ಕಣೆ, ಆಮೇಲೆ ನೀನು ಹೇಳಿದ ಹಾಗೆ ಇರ್ತೀನಿ. ಹಾರ್ಟಿನ ಪರೀಕ್ಷೆಗೂ ಆವಾಗಲೇ ಹೋಗೋಣ" ಅಂದ. ನಾನು ಬೇಡ ಅಂದೆ, ಕೂಗಾಡಿದೆ, ಕೊನೆಗೆ ಅತ್ತೆ. ದಿನಾ ಒಂದೇ ಊಟ, ಅದೂ ಮಧ್ಯಾಹ್ನ ಮೂರಕ್ಕೆ, ಅದೂ ಅಂಥ ಊಟ, ಹದಿನೈದು ದಿನ ಒಂದೇ ಸಮನೆ. ನಾನು ಕಾಯಿಲೆಯವಳು, ನನಗೆ ಅದರ ಅಂದಾಜಿತ್ತು. ಉಳಿದವರಿಗೆ ಅವನು ಮತ್ತೆ ಸರಿಹೋದ ಹಾಗೆ ಕಾಣುತ್ತಿದ್ದ.

ಪಕ್ಷದ ಕೊನೆಕೊನೆಯ ದಿನ. ಅವನಿಗೆ ಕರೆ ಬಂದಿದ್ದ ತಿಥಿ ನಾನಿದ್ದ ಊರಲ್ಲೇ ಇತ್ತು, ತಿ. ನರಸೀಪುರದಲ್ಲಿ, ಸಂಗಮಕ್ಕೆ ಹೋಗುವ ದಾರಿಯ ಒಂದು ಮನೆಯಲ್ಲಿ. ಮುಗಿಸಿಕೊಂಡು ನಿನ್ನ ಮನೆಗೆ ಬರುತ್ತೇನೆ ಎಂದಿದ್ದ. ಅಲ್ಲಿ ನಡೆದದ್ದನ್ನು ಆಮೇಲೆ ಆ ಮನೆಯ ಯಜಮಾನರು ನನಗೆ ಹೇಳಿದರು. ಪಾಯಸ ಬಡಿಸುವ ಹೊತ್ತಿಗೆ ಅಣ್ಣ ಎಡಗೈಯನ್ನು ಎದೆಗೆ ಒತ್ತಿಕೊಂಡನಂತೆ, ಹಣೆಯಲ್ಲಿ ಬೆವರಿತ್ತಂತೆ. ಸೆಕೆ ಎಂದು ಫ್ಯಾನು ಅವನ ಕಡೆ ತಿರುಗಿಸಿದರಂತೆ. ಅವನು ಮಾತಾಡಲಿಲ್ಲ, ಮಾತಾಡುವ ಹಾಗಿರಲಿಲ್ಲ. ಏಳಲೂ ಇಲ್ಲ. ಊಟದ ಮಧ್ಯೆ ಬ್ರಾಹ್ಮಣ ಎದ್ದರೆ ಶ್ರಾದ್ಧ ಕೆಟ್ಟಿತು, ಆ ಮನೆಯವರು ವರ್ಷವೆಲ್ಲ ಕೊರಗಬೇಕು. ಬಿಳಿಗೆರೆಯ ಅಜ್ಜಿಯ ಅಳು ಅವನಿಗೆ ಮರೆತಿರಲಿಲ್ಲ ಎಂದು ನನಗೆ ಗೊತ್ತು. "ಒಂದು ಅಗುಳು ಬಿಡಲಿಲ್ಲ ತಾಯಿ," ಎಂದರು ಯಜಮಾನರು, ಕಣ್ಣೊರೆಸಿಕೊಳ್ಳುತ್ತ. "ಕೊನೇ ನೀರು ತಗೊಂಡು, ನಾನು ಕೇಳಿದಾಗ ತೃಪ್ತಿ ಆಯ್ತು ಅಂತ ಬಾಯಿತುಂಬ ಅಂದ್ರು. ನಾವೆಲ್ಲ ನಮಸ್ಕಾರ ಮಾಡಿದ್ವಿ. ಆಮೇಲೆ ಕೈ ತೊಳೆಯೋಕೆ ಎದ್ದವರು ಹಿತ್ತಲ ಬಾಗಿಲಲ್ಲೇ ಕುಸಿದ್ರು." ಅವರ ದನಿಯಲ್ಲಿ ದುಃಖವೂ ಇತ್ತು, ತಮ್ಮ ತಂದೆಯ ಕಾರ್ಯ ಕೆಡಲಿಲ್ಲ ಎಂಬ ನೆಮ್ಮದಿಯೂ ಇತ್ತು. ಆ ನೆಮ್ಮದಿಯನ್ನು ನಾನು ಕ್ಷಮಿಸಿಲ್ಲ.

ಊರಿನ ಒಂದು ನರ್ಸಿಂಗ್ ಹೋಮಿಗೆ ಆಟೋದಲ್ಲಿ ತಂದಿದ್ದರು. ನಾನು ಕುಂಟುತ್ತ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಟೋದವನು ಬಾಗಿಲಲ್ಲಿ ನಿಂತಿದ್ದ. "ನಾನು ಓಡ್ಸ್ಕಂಡೇ ಬಂದೆ ಕಣವ್ವ. ಐನೋರು ದಾರೀಲಿ ಒಂದ್ಸಲ ಎದೆ ಇಡ್ಕಂಡು 'ಒಟ್ಟೆ ತುಂಬೋಗದೆ' ಅಂದ್ರು. ಅಷ್ಟೇಯ, ಆಮೇಕೆ ಉಸ್ರೇ ಇಲ್ಲ" ಅಂದ. ಅವನು ಇನ್ನೂ ಬಾಡಿಗೆ ತೆಗೆದುಕೊಳ್ಳದೆ ಹಾಗೇ ನಿಂತಿದ್ದ.

ಅತ್ತಿಗೆ ನಂಜನಗೂಡಿನಿಂದ ಪಕ್ಕದ ಮನೆಯವರ ಕಾರಿನಲ್ಲಿ ಬಂದಳು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಸಂಕಟಪಟ್ಟುಕೊಂಡೇ ಒಂದೆರಡು ಪ್ರಶ್ನೆ ಕೇಳಿದರು. ಸಿಗರೇಟು ಇತ್ತೇ, ಕುಡಿತ ಇತ್ತೇ. ಅತ್ತಿಗೆ ಇಲ್ಲವೆಂದು ತಲೆಯಾಡಿಸಿದಳು. "ಊಟದ ವಿಷಯದಲ್ಲಿ ಏನಾದ್ರೂ ತೊಂದರೆ?" ಎಂದು ಕೇಳಿದರು. "ಇಲ್ಲ ಡಾಕ್ಟ್ರೇ," ಎಂದಳು ಅತ್ತಿಗೆ, "ಊಟಕ್ಕೇನೂ ತೊಂದರೆ ಇರಲಿಲ್ಲ. ಚೆನ್ನಾಗಿ ಊಟ ಮಾಡ್ತಿದ್ರು." ಹಾಗೆಂದು ಅವಳು ಗೋಳೋ ಎಂದು ಅತ್ತಳು. ಯಜಮಾನರೂ ಹಿಂದಿನಿಂದ, ಹೌದು ಹೌದು, ಇವತ್ತೂ ಚೆನ್ನಾಗಿ ಉಂಡರು ಅಂದರು.

ನಾನು ಮಂಚದ ಪಕ್ಕ ನಿಂತಿದ್ದೆ. ಹೊದಿಸಿದ್ದ ಬಿಳಿ ಬಟ್ಟೆ ಅಣ್ಣನ ಹೊಟ್ಟೆಯ ಮೇಲೆ ಎದ್ದು ನಿಂತು, ಪಾದಕ್ಕೆ ಸಾಲದೆ ಹೋಗಿತ್ತು. ತಿಥಿಯ ಮನೆಯವರು ಹಚ್ಚಿದ ಗಂಧ ಪಾದದಲ್ಲಿ ಇನ್ನೂ ಅಳಿಸಿರಲಿಲ್ಲ. ಡಾಕ್ಟರು ಅತ್ತಿಗೆಯನ್ನು ಕೂರಿಸಿ, ತಿರುಗಿದವರು ನನ್ನನ್ನು ಕಂಡರು. ಮೇಲಿನಿಂದ ಕೆಳಗೆ ಒಂದು ಸಲ ನೋಡಿದರು. ಆ ನೋಟ ನನಗೆ ಹೊಸದಲ್ಲ. "ನೀವು ಇವರ ತಂಗೀನಾ?" ಎಂದು ಕೇಳಿದರು. ಹೌದು ಅಂದೆ. ದನಿ ತಗ್ಗಿಸಿ, ನನ್ನ ಒಳ್ಳೆಯದಕ್ಕೇ ಹೇಳಿದರು. "ನೀವು ಹುಷಾರಾಗಿರಬೇಕಮ್ಮ. ಮೊದಲು ತೂಕ ಇಳಿಸಿ. ಬಾಯಿಗೆ ಸ್ವಲ್ಪ ಕಡಿವಾಣ ಹಾಕಿ."

"ಹತ್ತು ವರ್ಷದ ಹುಡುಗಿಯಾಗಿದ್ದಾಗಿಂದ ಎಲ್ಲರೂ ಇದನ್ನ ನನಗೆ ಹೇಳ್ತಾ ಬಂದಿದ್ದಾರೆ ಡಾಕ್ಟ್ರೇ," ಎಂದೆ. "ಇವನಿಗೆ ಹೇಳಿದವಳು ನಾನೊಬ್ಬಳೇ."